ಪ್ರೀತಿ ಇಲ್ಲ ಎಂದು ಹಾಡಿದ ಪ್ರೇಮಗೀತೆ: 624 ದನಿಗಳ ಕಥೆ

2014ರಲ್ಲಿ ಬಂದ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಸಿನಿಮಾದ ಮೊದಲ ದೃಶ್ಯ ನೆನಪಿದೆಯೇ? 1988ನೇ ಇಸವಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬ ಹುಡುಗ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕುಳಿತಿದ್ದಾನೆ. ಒಳಗೆ ಕೋಣೆಯಲ್ಲಿ ಅವನ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಳೆ. ಅವನ ವಾಕ್‌ಮನ್‌ನಲ್ಲಿ ಓಡುತ್ತಿರುವುದು ಒಂದು ಹಳೆಯ ಪ್ರೇಮಗೀತೆ. ಹೆಸರು ಮಾತ್ರ ಉಲ್ಟಾ: 'ಐ ಆಮ್ ನಾಟ್ ಇನ್ ಲವ್'. ನನಗೇನೂ ಪ್ರೀತಿಗೀತಿ ಆಗಿಲ್ಲ ಅಂತ.

ಬಾಹ್ಯಾಕಾಶದ ಹೊಡೆದಾಟ ನೋಡಲು ಹೋದ ಎಷ್ಟೋ ಹುಡುಗ ಹುಡುಗಿಯರು ಈ ಹಾಡನ್ನು ಮೊದಲು ಕೇಳಿದ್ದು ಅಲ್ಲೇ. ಹಾಡಿಗೆ ಈಗ 50 ವರ್ಷ ದಾಟಿದೆ. ಕೇಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಎರಡು. ಒಂದು, ಹಿಂದೆ ಮಂಜಿನ ಹಾಗೆ ತೇಲುವ ಆ ಶಬ್ದ ಯಾವ ವಾದ್ಯದ್ದು? ಎರಡು, ಪ್ರೀತಿ ಇಲ್ಲ ಇಲ್ಲ ಎನ್ನುವ ಹಾಡು ಕೇಳಿ ಹೊಟ್ಟೆಯಲ್ಲಿ ಯಾಕೆ ಹೀಗೆ ಸಂಕಟವಾಗುತ್ತದೆ?

ಮೊದಲನೆಯದಕ್ಕೆ ಉತ್ತರ ಸುಲಭ, ಆದರೆ ನಂಬುವುದು ಕಷ್ಟ. ಅದು ವಾದ್ಯವೇ ಅಲ್ಲ. ಮೂರು ಜನ ಮನುಷ್ಯರ ಗಂಟಲು. ಈಗ ಫೋನಿನ ಆ್ಯಪಿನಲ್ಲಿ ಒಂದು ಬೆರಳು ಇಟ್ಟರೆ ನೂರು ಜನ 'ಆ' ಎನ್ನುತ್ತಾರೆ. 1975ರಲ್ಲಿ ಆ ಅನುಕೂಲ ಇರಲಿಲ್ಲ. ಅವರು ಏನು ಮಾಡಿದರು ಎನ್ನುವುದು ತಿಳಿದರೆ ಎರಡನೇ ಪ್ರಶ್ನೆಯೂ ಅರ್ಧ ಬಿಡಿಸಿದ ಹಾಗೆ.

## ಹಾಡಿನಲ್ಲಿ ಏನಿದೆ

ಒಬ್ಬ ಗಂಡಸು ಒಬ್ಬಳ ಜೊತೆ ಮಾತಾಡುತ್ತಿದ್ದಾನೆ. ನನಗೆ ಪ್ರೀತಿ ಆಗಿಲ್ಲ, ಇದು ಸುಮ್ನೆ ಒಂದು ಹುಚ್ಚು, ಹೋಗಿಬಿಡುತ್ತದೆ ಎನ್ನುತ್ತಾನೆ. ಫೋನ್ ಮಾಡಿದೆ ಅಂತ ದೊಡ್ಡದು ಮಾಡಬೇಡ, ನಮ್ಮಿಬ್ಬರ ವಿಷಯ ಸ್ನೇಹಿತೆಯರ ಹತ್ತಿರ ಹೇಳಬೇಡ ಎನ್ನುತ್ತಾನೆ. ನಿನ್ನ ಫೋಟೊ ಗೋಡೆಗೆ ಹಾಕಿದ್ದೇನೆ ನಿಜ, ಆದರೆ ಅದು ಗೋಡೆಯ ಮೇಲಿನ ಕಲೆ ಮುಚ್ಚೋದಕ್ಕೆ ಎನ್ನುತ್ತಾನೆ.

ನನ್ನ ಲೆಕ್ಕದಲ್ಲಿ ಈ ಫೋಟೊದ ಸಾಲೇ ಇಡೀ ಹಾಡಿನ ಕೀಲಿಕೈ. ಕಲೆ ಮುಚ್ಚಲು ಕ್ಯಾಲೆಂಡರ್ ಸಾಕಿತ್ತು, ಅಲ್ವಾ? ಅವಳ ಫೋಟೊವೇ ಯಾಕೆ ಬೇಕಿತ್ತು? ಪ್ರೀತಿ ಇಲ್ಲದವನು ಇಷ್ಟು ಕಾರಣ ಕೊಡುವುದಿಲ್ಲ. ಅವನಿಗೆ ಕಾರಣ ಕೊಡುವ ಅಗತ್ಯವೇ ಬೀಳುವುದಿಲ್ಲ. ಇವನು ಒಂದೊಂದು ನೆಪ ಹೇಳಿದಾಗಲೂ ಒಂದೊಂದು ಗುಟ್ಟು ಹೊರಗೆ ಬೀಳುತ್ತದೆ. ಅವಳಿಗೆ ಗೊತ್ತಾಗುತ್ತದೆ, ನಮಗೂ ಗೊತ್ತಾಗುತ್ತದೆ. ಅವನಿಗೊಬ್ಬನಿಗೆ ಗೊತ್ತಾಗುವುದಿಲ್ಲ, ಅಥವಾ ಗೊತ್ತಿಲ್ಲದ ಹಾಗೆ ನಟಿಸುತ್ತಾನೆ.

## ಮನೆಯ ಒಂದು ತಕರಾರಿನಿಂದ

ಹಾಡು ಬರೆದವರು ಇಬ್ಬರು, ಎರಿಕ್ ಸ್ಟುವರ್ಟ್ ಮತ್ತು ಗ್ರಹಾಂ ಗೌಲ್ಡ್‌ಮನ್. ಇಬ್ಬರೂ 'ಟೆನ್‌ಸಿಸಿ' ಎಂಬ ಇಂಗ್ಲೆಂಡಿನ ತಂಡದವರು. ತಂಡದಲ್ಲಿದ್ದವರು ಒಟ್ಟು ನಾಲ್ವರು. ಇನ್ನಿಬ್ಬರು ಕೆವಿನ್ ಗಾಡ್ಲಿ ಮತ್ತು ಲಾಲ್ ಕ್ರೀಮ್.

ಶುರುವಾದದ್ದು ಸ್ಟುವರ್ಟ್ ಮನೆಯಲ್ಲಿ. ಮದುವೆಯಾಗಿ ವರ್ಷಗಳೇ ಆಗಿದ್ದವು. ನೀನು 'ನಿನ್ನನ್ನು ಪ್ರೀತಿಸುತ್ತೇನೆ' ಅಂತ ಬಾಯಿಬಿಟ್ಟು ಹೇಳುವುದೇ ಕಮ್ಮಿ ಎಂದು ಹೆಂಡತಿ ಆಕ್ಷೇಪ ತೆಗೆದರು. ದಿನಾ ಹೇಳುತ್ತಾ ಹೋದರೆ ಆ ಮಾತಿಗೆ ಬೆಲೆಯೇ ಉಳಿಯುವುದಿಲ್ಲ ಎನ್ನುವುದು ಸ್ಟುವರ್ಟ್ ವಾದ. ವಾದ ಅಲ್ಲಿಗೆ ಮುಗಿಯಿತೋ ಏನೋ, ಅವರ ತಲೆಯಲ್ಲಿ ಮಾತ್ರ ಮುಗಿಯಲಿಲ್ಲ. ಆ ಮಾತನ್ನು ನೇರವಾಗಿ ಹೇಳದೆ ಹೇಳುವುದು ಹೇಗೆ? 'ಪ್ರೀತಿ ಇಲ್ಲ' ಎಂದು ಶುರು ಮಾಡಿ, ಇದೆ ಎನ್ನುವುದಕ್ಕೆ ಸಾಕ್ಷಿಗಳನ್ನು ಒಂದೊಂದಾಗಿ ಇಟ್ಟರೆ ಹೇಗೆ? ಹಾಡಿನ ಹಂದರ ಸಿಕ್ಕಿದ್ದು ಹೀಗೆ.

## ಒಮ್ಮೆ ಅಳಿಸಿ ಹಾಕಿದ್ದರು

ಮೊದಲ ಸಲ ಇದನ್ನು ರೆಕಾರ್ಡ್ ಮಾಡಿದ್ದು ಬೋಸಾ ನೋವಾ ಧಾಟಿಯಲ್ಲಿ. ಬೋಸಾ ನೋವಾ ಅಂದರೆ ಬ್ರೆಜಿಲ್‌ನ ಒಂದು ಮೆತ್ತನೆಯ ತಾಳದ ಶೈಲಿ. ಗಿಟಾರ್ ತೂಗುತ್ತಾ ಹೋಗುತ್ತದೆ, ಹಾಡುಗಾರ ಹೆಚ್ಚುಕಮ್ಮಿ ಗುನುಗುತ್ತಾನೆ. ಕೇಳಲು ಹಿತ. ಆದರೆ ಈ ಹಾಡಿಗೆ ಅದು ಕೂರಲಿಲ್ಲ. ಗಾಡ್ಲಿಗೆ ಇಷ್ಟವಾಗಲಿಲ್ಲ, ಕ್ರೀಮ್‌ಗೂ ಹಿಡಿಸಲಿಲ್ಲ. ಸರಿ, ಬೇಡ ಎಂದು ಟೇಪನ್ನೇ ಅಳಿಸಿಬಿಟ್ಟರು.

ಆದರೆ ಸ್ಟುಡಿಯೊದ ಸಿಬ್ಬಂದಿ ಬಾಯಲ್ಲಿ ಆ ಧಾಟಿ ಉಳಿದುಕೊಂಡಿತ್ತು. ಕಾರಿಡಾರಿನಲ್ಲಿ ಓಡಾಡುತ್ತಾ ಗುನುಗುತ್ತಿದ್ದರು. ಆಫೀಸಿನ ಹುಡುಗಿಯೊಬ್ಬಳು, ಆ ಹಾಡು ಯಾಕೆ ಮುಗಿಸಲಿಲ್ಲ, ಚೆನ್ನಾಗಿತ್ತಲ್ಲ ಎಂದು ಕೇಳಿಯೇಬಿಟ್ಟಳು. ತಂಡ ಮತ್ತೆ ಕೂತಿತು. ಆಗ ಗಾಡ್ಲಿ, ಅಂದರೆ ಬೇಡ ಎಂದವರೇ, ಒಂದು ವಿಚಿತ್ರ ಸಲಹೆ ಕೊಟ್ಟರು. ವಾದ್ಯ ಬಿಡೋಣ, ಬರೀ ದನಿಗಳಲ್ಲೇ ಮಾಡೋಣ. ದನಿಗಳ ಒಂದು ದೊಡ್ಡ ಗೋಡೆ ಕಟ್ಟೋಣ.

ನಾಲ್ಕು ಜನ ಇಟ್ಟುಕೊಂಡು ಗೋಡೆ ಕಟ್ಟುವುದು ಹೇಗೆ? ಅದಕ್ಕೆ ಕ್ರೀಮ್ ಹೇಳಿದ ಉಪಾಯ ಟೇಪ್ ಲೂಪ್.

## ಟೇಪು, ಟ್ರ್ಯಾಕು, ಲೂಪು

ಇಲ್ಲಿ ಸ್ವಲ್ಪ ನಿಂತು ಮೂರು ಪದ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನದು ಗೋಜಲಾಗುತ್ತದೆ.

ಆಗ ದನಿ ದಾಖಲಾಗುತ್ತಿದ್ದದ್ದು ಮ್ಯಾಗ್ನೆಟಿಕ್ ಟೇಪಿನ ಮೇಲೆ. ಕ್ಯಾಸೆಟ್ ಬಿಚ್ಚಿ ಅದರೊಳಗಿನ ಕಂದು ಪಟ್ಟಿ ಎಳೆದು ಆಟವಾಡಿದವರಿಗೆ ಅದು ಗೊತ್ತು. ಸ್ಟುಡಿಯೊದಲ್ಲಿ ಬಳಸುತ್ತಿದ್ದದ್ದು ಅದರದೇ ಅಗಲವಾದ ಅಣ್ಣ, ದೊಡ್ಡ ಚಕ್ರಕ್ಕೆ ಸುತ್ತಿದ್ದು.

ಟೇಪಿನ ಅಗಲವನ್ನು ಉದ್ದುದ್ದ ಪಟ್ಟೆಗಳಾಗಿ ವಿಂಗಡಿಸಿದರೆ ಒಂದೊಂದು ಪಟ್ಟೆಯೂ ಒಂದು ಟ್ರ್ಯಾಕ್. ರಸ್ತೆಯಲ್ಲಿ ಲೇನ್‌ಗಳಿದ್ದ ಹಾಗೆ. ಒಂದು ಲೇನಿನಲ್ಲಿ ಗಿಟಾರ್, ಇನ್ನೊಂದರಲ್ಲಿ ಡ್ರಮ್ಸ್, ಮತ್ತೊಂದರಲ್ಲಿ ಹಾಡುಗಾರ. ಎಲ್ಲರೂ ಒಟ್ಟಿಗೆ ನುಡಿಸಬೇಕಾಗಿಲ್ಲ. ಇವತ್ತು ಒಂದು ಲೇನ್ ತುಂಬಿಸಿ, ನಾಳೆ ಅದನ್ನು ಕೇಳುತ್ತಾ ಇನ್ನೊಂದು ತುಂಬಿಸಬಹುದು. ಇವರ ಮೆಷಿನ್ನಿನಲ್ಲಿ ಇದ್ದದ್ದು 16 ಟ್ರ್ಯಾಕ್.

ಲೂಪ್ ಅಂದರೆ ಟೇಪಿನ ಒಂದು ತುಂಡು ಕತ್ತರಿಸಿ, ಅದರ ತಲೆಗೆ ಬಾಲ ಅಂಟಿಸುವುದು. ಬಳೆಯ ಹಾಗೆ ಆಗುತ್ತದೆ. ಅದನ್ನು ಮೆಷಿನ್ನಿಗೆ ಹಾಕಿದರೆ ಮುಗಿಯುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಅದರಲ್ಲಿ ಒಂದು 'ಆ' ಇದ್ದರೆ ಅದು ಉಸಿರೇ ಬೇಡದ 'ಆ'.

## 48 ಗುಣಿಸು 13

ಲೆಕ್ಕ ಹೀಗಿದೆ. ಗೌಲ್ಡ್‌ಮನ್, ಗಾಡ್ಲಿ, ಕ್ರೀಮ್ ಮೂವರೂ ಮೈಕಿನ ಮುಂದೆ ನಿಂತು ಒಂದೇ ಸ್ವರವನ್ನು 'ಆ...' ಎಂದು ಎಳೆಯುತ್ತಾರೆ. ಸಂಗೀತ ಕಲಿತವರು ಅಕಾರ ಹಾಡುವುದು ಎನ್ನುತ್ತಾರಲ್ಲ, ಹಾಗೆ. ಸ್ಟುವರ್ಟ್ ಒಳಗೆ ಮೆಷಿನ್ ನೋಡಿಕೊಳ್ಳುತ್ತಾರೆ. ಮೊದಲ ಟ್ರ್ಯಾಕ್ ತುಂಬಿತು. ಮತ್ತೆ ಅದೇ ಸ್ವರ, ಎರಡನೇ ಟ್ರ್ಯಾಕ್. ಹೀಗೆ 16 ಸಲ. ಮೂರು ಜನ, 16 ಸಲ, ಅಲ್ಲಿಗೆ 48 ದನಿ. ಇದು ಒಂದು ಸ್ವರಕ್ಕೆ.

ಹಾಡಿಗೆ ಒಂದು ಸ್ವರ ಸಾಲದು. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನ ಇರುತ್ತವೆ. ಹಾರ್ಮೋನಿಯಂನಲ್ಲಿ ಕರಿ ಬಿಳಿ ಮನೆಗಳನ್ನು ಬಿಡದೆ ಒತ್ತುತ್ತಾ ಹೋದರೆ 12 ಸಿಗುತ್ತವೆ, 13ನೆಯದು ಮೇಲಿನ ಸ. ಇವರು ಆ 13ನ್ನೂ ಹಾಡಿದರು. 48ನ್ನು 13ರಿಂದ ಗುಣಿಸಿದರೆ 624.

ಸಂಖ್ಯೆ ದೊಡ್ಡದು ಅನ್ನಿಸುತ್ತದೆ, ಆದರೆ ನನಗೆ ಹೆಚ್ಚು ನಾಟುವುದು ಇನ್ನೊಂದು ಲೆಕ್ಕ. 16 ಸಲ, 13 ಸ್ವರ, ಒಟ್ಟು 208 ಸಲ. ಆ ಮೂವರು 208 ಸಲ ಮೈಕಿನ ಮುಂದೆ 'ಆ' ಎಂದಿದ್ದಾರೆ. ಮಾತಿಲ್ಲ, ರಾಗವಿಲ್ಲ, ಭಾವವಿಲ್ಲ. ಒಂದು ಸ್ವರ ಮುಗಿದರೆ ಅರ್ಧ ಮೆಟ್ಟಿಲು ಮೇಲೆ, ಮತ್ತೆ ಅದೇ. ಈ ಕೆಲಸಕ್ಕೆ ಮೂರು ವಾರ ಹಿಡಿಯಿತು.

ಮೂರು ವಾರ ಸ್ಟುಡಿಯೊ ಹಿಡಿದಿಟ್ಟುಕೊಳ್ಳುವುದು ಆಗ ಯಾರಿಗೂ ಸುಲಭವಲ್ಲ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿತ್ತು. ಇವರಿಗೆ ಸಾಧ್ಯವಾದದ್ದು ಸ್ಟುಡಿಯೊದಲ್ಲಿ ತಂಡದವರದೇ ಪಾಲು ಇದ್ದದ್ದರಿಂದ. ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೊಸ್ ಅದು. ಲಂಡನ್ನಿನ ಗಡಿಬಿಡಿಯಿಂದ ದೂರ, ಗಡಿಯಾರ ನೋಡುವವರು ಯಾರೂ ಇಲ್ಲ.

## ಮೈಕ್ ಸ್ಟ್ಯಾಂಡಿಗೆ ಸುತ್ತಿದ ಟೇಪು

ಒಂದು ಸ್ವರದ 48 ದನಿ ಸೇರಿಸಿ ಇನ್ನೊಂದು ಮೆಷಿನ್ನಿಗೆ ಇಳಿಸಿದರು. ಆ ಟೇಪಿನಿಂದ ಲೂಪ್ ಮಾಡಬೇಕು. ತೊಡಕು ಎಲ್ಲಿ ಅಂದರೆ, ತಲೆಗೆ ಬಾಲ ಅಂಟಿಸಿದ ಜಾಗ ಪ್ರತಿ ಸುತ್ತಿನಲ್ಲೂ ಒಂದು ಸಣ್ಣ 'ಟಕ್' ಕೊಡುತ್ತದೆ. ಲೂಪ್ ಗಿಡ್ಡವಿದ್ದರೆ ಆ ಟಕ್ ಪದೇಪದೇ ಕೇಳಿಸಿ ಎಲ್ಲ ಕೆಡುತ್ತದೆ. ಉದ್ದವಿದ್ದಷ್ಟೂ ಒಳ್ಳೆಯದು.

ಹಾಗಾಗಿ ಸುಮಾರು 12 ಅಡಿ ಉದ್ದದ ಲೂಪ್ ಮಾಡಿದರು. ಸ್ಟುಡಿಯೊ ಟೇಪುಗಳು ಸಾಮಾನ್ಯವಾಗಿ ಸೆಕೆಂಡಿಗೆ 15 ಇಲ್ಲವೇ 30 ಇಂಚು ಓಡುತ್ತವೆ. 15ರ ಲೆಕ್ಕ ಹಿಡಿದರೂ 12 ಅಡಿಯ ಒಂದು ಸುತ್ತಿಗೆ ಹತ್ತು ಸೆಕೆಂಡಿನ ಹತ್ತಿರ. ಆದರೆ 12 ಅಡಿ ಟೇಪು ಮೆಷಿನ್ನಿನ ಮೇಲೆ ಎಲ್ಲಿ ಹಿಡಿಸುತ್ತದೆ? ಹಿಡಿಸುವುದಿಲ್ಲ. ಅದಕ್ಕೆ ಮೆಷಿನ್ನಿನಿಂದ ಹೊರಗೆ ಎಳೆದು, ಸ್ವಲ್ಪ ದೂರದಲ್ಲಿ ಒಂದು ಮೈಕ್ ಸ್ಟ್ಯಾಂಡ್ ನಿಲ್ಲಿಸಿ, ಅದಕ್ಕೆ ಕಟ್ಟಿದ ಗಾಲಿಯ ಸುತ್ತ ತಿರುಗಿಸಿ ವಾಪಸ್ ತಂದರು. ಸ್ಟುಡಿಯೊದ ಒಳಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ ಹಾಗೆ, ಆ ಹಗ್ಗ ಓಡುತ್ತಾ 'ಆ...' ಎನ್ನುತ್ತಿದೆ. ಟೇಪು ಸಡಿಲವಾದರೆ ಸ್ವರ ಅಲುಗುತ್ತದೆ. ಬಿಗಿಯಾದರೆ ಹರಿಯುತ್ತದೆ.

ಹೀಗೆ ಓಡುವ ಲೂಪನ್ನು ಹಾಡಿನ ಉದ್ದಕ್ಕೂ ಒಂದು ಟ್ರ್ಯಾಕಿಗೆ ತುಂಬಿಸಿಕೊಂಡರು. ಆಮೇಲೆ ಮುಂದಿನ ಸ್ವರದ ಲೂಪ್, ಮುಂದಿನ ಟ್ರ್ಯಾಕ್. 13 ಸ್ವರಕ್ಕೆ 13 ಟ್ರ್ಯಾಕ್ ಹೋಯಿತು. 16ರಲ್ಲಿ ಉಳಿದದ್ದು ಮೂರೇ.

## ಡೆಸ್ಕನ್ನೇ ನುಡಿಸಿದರು

ಈಗ ಅವರ ಹತ್ತಿರ ಇದ್ದದ್ದು 13 ನಲ್ಲಿಗಳು ಅಂದುಕೊಳ್ಳಿ. ಒಂದೊಂದರಲ್ಲೂ ಒಂದೊಂದು ಸ್ವರ ನಿಲ್ಲದೆ ಹರಿಯುತ್ತಿದೆ. ನಲ್ಲಿ ತಿರುಗಿಸಿದರೆ ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ.

ಮಿಕ್ಸಿಂಗ್ ಡೆಸ್ಕ್ ಅಂದರೆ ಎಲ್ಲ ಟ್ರ್ಯಾಕುಗಳ ದನಿ ಹೆಚ್ಚುಕಮ್ಮಿ ಮಾಡಿ ಬೆರೆಸುವ ಮೇಜು. ಅದರಲ್ಲಿ ಆ ನಲ್ಲಿಯ ಕೆಲಸ ಮಾಡುವುದಕ್ಕೆ ಫೇಡರ್ ಎನ್ನುತ್ತಾರೆ. ಮೇಲಕ್ಕೂ ಕೆಳಕ್ಕೂ ಜಾರುವ ಒಂದು ಗುಂಡಿ. ಮೇಲೆ ತಳ್ಳಿದರೆ ದನಿ ಜೋರು, ಕೆಳಗೆ ಎಳೆದರೆ ಮೆಲ್ಲ. ಮೂರ್ನಾಲ್ಕು ಸ್ವರ ಒಟ್ಟಿಗೆ ಕೇಳಿಸಿದರೆ ಅದು ಕಾರ್ಡ್. ಹಾಡು ಮುಂದೆ ಹೋದ ಹಾಗೆ ಕಾರ್ಡ್ ಬದಲಾಗುತ್ತಾ ಇರಬೇಕು, ಅಂದರೆ ಕೆಲವು ಫೇಡರ್ ಇಳಿಯಬೇಕು, ಕೆಲವು ಏರಬೇಕು. ಒಬ್ಬನ ಎರಡು ಕೈಗೆ ಆಗುವ ಕೆಲಸವಲ್ಲ. ನಾಲ್ವರೂ ಡೆಸ್ಕಿನ ಮುಂದೆ ಸಾಲಾಗಿ ನಿಂತರು. ಒಬ್ಬೊಬ್ಬರ ಕೈಗೆ ಮೂರೋ ನಾಲ್ಕೋ ಫೇಡರ್. ಹಾಡು ಕೇಳುತ್ತಾ ಏರಿಸಿ ಇಳಿಸಿ ಇಡೀ ಹಿಮ್ಮೇಳ ನುಡಿಸಿದರು.

ಆ ಕಾಲಕ್ಕೆ ಮೆಲೊಟ್ರಾನ್ ಎಂಬ ಕೀಬೋರ್ಡ್ ಇತ್ತು. ಅದರ ಒಂದೊಂದು ಮನೆಯ ಕೆಳಗೂ ಒಂದು ಟೇಪ್ ತುಂಡು ಇರುತ್ತಿತ್ತು. ಒತ್ತಿದರೆ ಅದರಲ್ಲಿ ತುಂಬಿಸಿದ ಪಿಟೀಲೋ ಕೋರಸ್ಸೋ ಕೇಳಿಸುತ್ತಿತ್ತು. ಆದರೆ ಸುಮಾರು ಎಂಟು ಸೆಕೆಂಡಿಗೆ ಟೇಪು ಖಾಲಿ. ಮೇಲಾಗಿ ಅದು ಬೇರೆ ಯಾರದೋ ದನಿ. ಇವರು ಮಾಡಿದ್ದು ತಮ್ಮದೇ ಗಂಟಲಿನ, ಖಾಲಿಯೇ ಆಗದ ಮೆಲೊಟ್ರಾನ್.

ಇಲ್ಲಿ ಇನ್ನೊಂದು ಸಣ್ಣ ಕೈಚಳಕ ಇದೆ. ಸ್ಟುವರ್ಟ್ ಫೇಡರ್‌ಗಳ ಕೆಳತುದಿಯಲ್ಲಿ ಅಡ್ಡಲಾಗಿ ಅಂಟುಪಟ್ಟಿ ಹಾಕಿದ್ದರು. ಯಾವ ಫೇಡರೂ ಪೂರ್ತಿ ಕೆಳಗೆ ಹೋಗಿ ದನಿ ಬಂದ್ ಆಗಬಾರದು ಎಂದು. ಹಾಗಾಗಿ ಬೇಕಾದ ಕಾರ್ಡ್ ಮೇಲೆ ಕೇಳಿಸುತ್ತಿದ್ದರೂ ಉಳಿದ ಎಲ್ಲ ಸ್ವರಗಳೂ ತಳದಲ್ಲಿ ಸಣ್ಣಗೆ ಉಸಿರಾಡುತ್ತಲೇ ಇರುತ್ತವೆ.

## 48 ದನಿ ಸೇರಿದರೆ ಜೋರಾಗಬೇಕಲ್ಲ, ಮಂಜಾಗುವುದು ಯಾಕೆ?

ಒಂದು ದನಿಯನ್ನು ಸುಮ್ನೆ 48 ಪಟ್ಟು ಜೋರು ಮಾಡಿದರೆ ಸಿಗುವುದು ಕಿರುಚಾಟ, ಅಷ್ಟೇ. 48 ಸಲ ಬೇರೆ ಬೇರೆಯಾಗಿ ಹಾಡಿದರೆ ಮಾತು ಬೇರೆ. ಯಾರೂ ಒಂದೇ ಸ್ವರವನ್ನು ಎರಡು ಸಲ ಕೂದಲೆಳೆಯೂ ತಪ್ಪದೆ ಹಾಡಲಾರರು. ಒಂದು ಸಲ ಕೂದಲೆಳೆಯಷ್ಟು ಮೇಲೆ, ಒಂದು ಸಲ ಕೆಳಗೆ.

ಒಂದು ದನಿ ಸೆಕೆಂಡಿಗೆ 440 ಸಲ ಕಂಪಿಸುತ್ತಿದೆ, ಇನ್ನೊಂದು 442 ಸಲ ಎಂದುಕೊಳ್ಳಿ. ಎರಡೂ ಸೇರಿದಾಗ ಶಬ್ದ ಸೆಕೆಂಡಿಗೆ ಎರಡು ಸಲ ಏರಿ ಇಳಿದ ಹಾಗೆ ಕೇಳಿಸುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎರಡು ತಂತಿ ಇನ್ನೇನು ಕೂಡಬೇಕು ಎನ್ನುವಾಗ 'ವೊಂ... ವೊಂ...' ಎಂದು ಅಲೆ ಏಳುತ್ತದೆ, ಸರಿಯಾಗಿ ಕೂಡಿದ ಮೇಲೆ ಅಲೆ ನಿಲ್ಲುತ್ತದೆ. ಇಲ್ಲಿ ದನಿಗಳು 48. ಒಂದೊಂದು ಜೋಡಿಯ ಅಲೆಯೂ ಬೇರೆ ವೇಗದ್ದು. ಎಲ್ಲ ಒಂದರೊಳಗೊಂದು ಬೆರೆತು, ಅಲೆ ಹೋಗಿ ಮಿನುಗು ಉಳಿಯುತ್ತದೆ. ಮಿಕ್ಸಿಂಗ್ ಮಾಡುವವರು ದನಿ ದಪ್ಪವಾಯಿತು ಎನ್ನುವುದು ಇದಕ್ಕೇ.

ಇನ್ನೊಂದು ಕಾರಣ, ದನಿಗೆ ಶುರುವೇ ಇಲ್ಲ. ಶಬ್ದ ಯಾರದ್ದು, ಯಾವ ವಾದ್ಯದ್ದು ಎಂದು ಕಿವಿ ಗುರುತಿಸುವುದು ಬಹಳಮಟ್ಟಿಗೆ ಅದು ಹುಟ್ಟುವ ಕ್ಷಣದಿಂದ. ತಂತಿ ಮೀಟಿದ ಪೆಟ್ಟು, ತುಟಿ ಬಿಚ್ಚಿದ ಸದ್ದು, ಎಳೆದುಕೊಂಡ ಉಸಿರು. ಇಲ್ಲಿ ಅದೆಲ್ಲ ಕತ್ತರಿಸಿ ಹೋಗಿದೆ. ಫೇಡರ್ ಮೇಲೆ ಬಂದಾಗ ದನಿ ಆಗಲೇ ಅಲ್ಲಿದೆ. ಮನುಷ್ಯರದ್ದು ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ಸಲ ಕೇಳಿದವರು ಇದು ಯಾವ ವಾದ್ಯ ಎಂದು ಕೇಳುವುದು.

ಈ ಮಂಜಿನ ಜೊತೆ ಇರುವ ವಾದ್ಯಗಳು ಕಮ್ಮಿ. ಎಲೆಕ್ಟ್ರಿಕ್ ಪಿಯಾನೊ, ಒಂದು ಗಿಟಾರ್. 'ಧಬ್ ಧಬ್' ಎನ್ನುವುದು ಡ್ರಮ್ ಅಲ್ಲ. 'ಮೂಗ್' ಎಂಬ ಸಿಂಥಸೈಜರಿನಲ್ಲಿ, ಅಂದರೆ ವಿದ್ಯುತ್ತಿನಿಂದಲೇ ಶಬ್ದ ಹುಟ್ಟಿಸುವ ವಾದ್ಯದಲ್ಲಿ, ಗಾಡ್ಲಿ ಮಾಡಿದ ಶಬ್ದ. ಎದೆಬಡಿತದ ಹಾಗೆ ಕೇಳಿಸುತ್ತದೆ.

## ಬಾಗಿಲು ತೆರೆದು ಬಂದ ಪಿಸುಮಾತು

ಹಾಡಿನ ನಡುವೆ ಎಲ್ಲ ತೆಳುವಾಗಿ, ಒಬ್ಬ ಹೆಣ್ಣಿನ ಪಿಸುದನಿ ಬರುತ್ತದೆ. ಸುಮ್ಮನಿರು, ದೊಡ್ಡ ಹುಡುಗರು ಅಳುವುದಿಲ್ಲ ಎನ್ನುವ ಅರ್ಥದ ಮಾತು. ಅದನ್ನೇ ಮತ್ತೆ ಮತ್ತೆ ಹೇಳುತ್ತದೆ.

ಆ ಜಾಗದಲ್ಲಿ ಏನೋ ಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ಯಾವ ದನಿ ಎಂದು ಹೊಳೆದಿರಲಿಲ್ಲ. ಅಷ್ಟರಲ್ಲಿ ಸ್ಟುಡಿಯೊದ ರಿಸೆಪ್ಷನಿಸ್ಟ್ ಮೆಲ್ಲಗೆ ಬಾಗಿಲು ತೆರೆದಳು. ರೆಕಾರ್ಡಿಂಗ್ ನಡೆಯುತ್ತಿದೆಯೇನೋ ಎಂದು ಹೆದರಿ ಪಿಸುಗುಟ್ಟಿದಳು: ಎರಿಕ್, ನಿಮಗೆ ಫೋನ್ ಬಂದಿದೆ. ಕ್ರೀಮ್ ಕೂತಲ್ಲಿಂದ ಎದ್ದರು. ಇದೇ ದನಿ! ಆಕೆ ಒಪ್ಪಲಿಲ್ಲ, ನಾನೇನು ಹಾಡುಗಾರ್ತಿಯೇ ಎಂದು ಹಿಂದೆ ಸರಿದಳು. ಹಾಡಬೇಡ, ಈಗ ಮಾತಾಡಿದ ಹಾಗೆಯೇ ಮಾತಾಡು ಎಂದು ಪುಸಲಾಯಿಸಿ ಮೈಕಿನ ಮುಂದೆ ಕೂರಿಸಿದರು.

624 ದನಿಗೆ ಮೂರು ವಾರ ತೆಗೆದುಕೊಂಡವರಿಗೆ ಹಾಡಿನಲ್ಲಿ ಎಲ್ಲರಿಗೂ ನೆನಪಿರುವ ದನಿ ಸಿಕ್ಕಿದ್ದು ಒಂದು ಫೋನ್ ಕರೆಯಿಂದ.

## ಹೊರಗೆ ಬಂದ ಮೇಲೆ

'ದಿ ಒರಿಜಿನಲ್ ಸೌಂಡ್‌ಟ್ರ್ಯಾಕ್' ಎಂಬ ಆಲ್ಬಮ್ಮಿನಲ್ಲಿ ಹಾಡು ಬಂತು. 1975ರ ಮೇ ತಿಂಗಳಲ್ಲಿ ಸಿಂಗಲ್ ಆಗಿಯೂ ಬಂತು. ಸಿಂಗಲ್ ಅಂದರೆ ಒಂದು ಹಾಡನ್ನೇ ಮುಖ್ಯ ಮಾಡಿ ಬಿಡುವ ಸಣ್ಣ ರೆಕಾರ್ಡ್. ಆಗ ರೇಡಿಯೊದವರಿಗೆ ಮೂರು, ಮೂರೂವರೆ ನಿಮಿಷದ ಹಾಡು ಬೇಕಿತ್ತು. ಇದು ಆರು ನಿಮಿಷ. ಆದರೂ ಬ್ರಿಟನ್ನಿನಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದಲ್ಲಿ ಮೂರು ವಾರ ಎರಡನೇ ಸ್ಥಾನದಲ್ಲಿ ನಿಂತಿತು. ಆ ಮೂರು ವಾರವೂ ಮೇಲಿದ್ದ ಹಾಡು ಬೇರೆ ಬೇರೆ. ಒಂದು ಇಳಿದರೆ ಇನ್ನೊಂದು ಬಂದು ಕೂತಿತು!

ಮರುವರ್ಷ, 1976ರಲ್ಲಿ, ಗಾಡ್ಲಿ ಮತ್ತು ಕ್ರೀಮ್ ತಂಡ ಬಿಟ್ಟು ತಮ್ಮದೇ ದಾರಿ ಹಿಡಿದರು. ಹೆಸರು ಉಳಿಸಿಕೊಂಡು ಮುಂದುವರಿದವರು ಸ್ಟುವರ್ಟ್ ಮತ್ತು ಗೌಲ್ಡ್‌ಮನ್. ಮಾತು ಬರೆದವರು ಒಂದು ಕಡೆ, ಹೀಗೆ ಮಾಡೋಣ ಎಂದು ಉಪಾಯ ಕೊಟ್ಟವರು ಇನ್ನೊಂದು ಕಡೆ. ನಾಲ್ವರೂ ಒಂದೇ ಡೆಸ್ಕಿನ ಮುಂದೆ ನಿಂತಿದ್ದ ಕಾಲದ ಹಾಡು ಇದು.

## ಇಷ್ಟಕ್ಕೂ ಹಿಡಿಸುವುದು ಯಾಕೆ

ತಂತ್ರ ಗೊತ್ತಿಲ್ಲದೆಯೇ ಲಕ್ಷಾಂತರ ಜನ ಈ ಹಾಡು ಮೆಚ್ಚಿದ್ದಾರೆ. ಹಾಗಾದರೆ ತಂತ್ರಕ್ಕೂ ಮೆಚ್ಚುಗೆಗೂ ಏನು ಸಂಬಂಧ?

ಮಾತನ್ನು ಒಂದು ಕಿವಿಯಲ್ಲಿ, ಹಿಮ್ಮೇಳವನ್ನು ಇನ್ನೊಂದು ಕಿವಿಯಲ್ಲಿ ಕೇಳುತ್ತಿದ್ದೇವೆ ಎಂದುಕೊಳ್ಳಿ. ಮಾತು ತಣ್ಣಗಿದೆ. ಫೋನ್ ಮಾಡಿದ್ದಕ್ಕೆ ಅರ್ಥ ಹುಡುಕಬೇಡ, ಫೋಟೊಕ್ಕೆ ಅರ್ಥ ಇಲ್ಲ, ನನಗಾಗಿ ಕಾಯಬೇಕಾಗುತ್ತದೆ ನೋಡು. ಸ್ಟುವರ್ಟ್ ಹಾಡುವುದೂ ಹಾಗೇ, ದನಿ ಏರಿಸದೆ, ಅಳುಬುರುಕತನ ಇಲ್ಲದೆ. ಹಿಮ್ಮೇಳ ಮಾತ್ರ ತಣ್ಣಗಿಲ್ಲ. ಅದು ಬೆಚ್ಚಗೆ ಉಬ್ಬುತ್ತದೆ, ಅವನನ್ನು ಸುತ್ತುವರಿಯುತ್ತದೆ. ಬಾಯಿ ಒಂದು ಹೇಳುತ್ತಿದೆ, ಎದೆ ಇನ್ನೊಂದು. ಬೋಸಾ ನೋವಾ ಧಾಟಿಯಲ್ಲಿ ಸೋತದ್ದು ಇದಕ್ಕೇ ಇರಬೇಕು ಅನ್ನಿಸುತ್ತದೆ. ಆ ತಾಳವೂ ಹಗುರ, ಮಾತೂ ಹಗುರ. ಸುಳ್ಳು ಹೇಳುತ್ತಿದ್ದಾನೆ ಎಂದು ತೋರಿಸಿಕೊಡುವವರು ಯಾರೂ ಇರಲಿಲ್ಲ.

ಪಿಸುಮಾತು ಬರುವ ಜಾಗವನ್ನೂ ಗಮನಿಸಬೇಕು. ಅಲ್ಲಿಯವರೆಗೆ ಅವನು ಒಮ್ಮೆಯೂ ಅತ್ತಿಲ್ಲ, ಅಳುತ್ತೇನೆ ಎಂದೂ ಹೇಳಿಲ್ಲ. ಆದರೂ ಯಾರೋ ಬಂದು ಅಳಬೇಡ ಎನ್ನುತ್ತಿದ್ದಾರೆ. ಅವಳೇ ಇರಬಹುದು, ಅಮ್ಮ ಇರಬಹುದು, ಅವನ ತಲೆಯೊಳಗಿನ ದನಿಯೇ ಇರಬಹುದು. ಯಾರೇ ಆದರೂ ಅವನ ನೆಪ ಅವರ ಹತ್ತಿರ ನಡೆದಿಲ್ಲ. ಸಿನಿಮಾದ ಆ ಹುಡುಗನ ಕಿವಿಗೆ ಈ ಹಾಡನ್ನು ಹಾಕಿದವರು ಇದನ್ನು ಬಲ್ಲವರೇ.

ಮುಂದಿನ ಸಲ ಒಳ್ಳೆಯ ಹೆಡ್‌ಫೋನ್ ಇದ್ದಾಗ, ಸದ್ದಿಲ್ಲದ ಜಾಗದಲ್ಲಿ ಕೂತು, ಎರಡು ಸಾಲುಗಳ ನಡುವೆ ಅವನು ಮಾತು ನಿಲ್ಲಿಸುವ ಜಾಗಕ್ಕೆ ಕಿವಿಗೊಡಿ. ಅಂಟುಪಟ್ಟಿ ತಡೆದಿಟ್ಟ ಆ ಸ್ವರಗಳು ತಳದಲ್ಲಿ ಹರಿಯುತ್ತಲೇ ಇರುತ್ತವೆ. ಕೊನೆಯವರೆಗೂ ಕೇಳಿದರೆ ಇನ್ನೊಂದು ಸಿಗುತ್ತದೆ. ಎಲ್ಲ ದನಿ ಕರಗುತ್ತಾ ಹೋದ ಹಾಗೆ ಮಕ್ಕಳಾಟಿಕೆಯ ಒಂದು ಮ್ಯೂಸಿಕ್ ಬಾಕ್ಸ್ ಟಿಣ್ ಟಿಣ್ ಎನ್ನುತ್ತದೆ. ಅದನ್ನು ಎರಡು ಸಲ ರೆಕಾರ್ಡ್ ಮಾಡಿ, ಒಂದಕ್ಕೊಂದು ಸ್ವಲ್ಪ ಹಿಂದುಮುಂದಾಗಿ ಇಟ್ಟಿದ್ದಾರೆ. ಎರಡೂ ಕೊನೆಯವರೆಗೂ ಕೂಡುವುದಿಲ್ಲ.